ಹುಸೇನಬಿಯ ಆಯುಸ್ಸಿನ ಗೆರೆ

ಕ್ಯಾನ್ಸರ್ ರೋಗಿಗಳು ಎಷ್ಟು ಕಾಲ ಬದುಕಬಹುದೆಂದು ಕಂಪ್ಯೂಟರಿನಲ್ಲಿ ಅಂದಾಜು ಮಾಡುವುದು ವಿಜಯಪುರದ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ. ಬಿಜ್ಜರಗಿ ಹಳ್ಳಿಯ ಹುಸೇನಬಿಯ ಆಯುಸ್ಸಿನ ಗೆರೆ ನಕ್ಷೆಯಲ್ಲಿ ವರ್ಷದೊಳಗೇ ನೆಲ ಕಚ್ಚುತ್ತಿತ್ತು. ಒಂದು ಮಧ್ಯಾಹ್ನ, ಅಂಥ ಬಿಸಿಲಿನಲ್ಲೂ ನನ್ನ ಕೋಣೆ ತಣ್ಣಗಾಯಿತು. ಎಲ್ಲಿಂದಲೋ ಆಡುಗಳ ಕೊರಳಗಂಟೆ, ಹಸಿ ದ್ರಾಕ್ಷಿಯ ವಾಸನೆ. ಪರದೆಯ ಮೇಲೆ ಅವಳ ಗೆರೆ ತಾನಾಗಿಯೇ ಮೇಲೆದ್ದು ಕೊನೆಯವರೆಗೂ ಓಡಿತು. ಅವೇ ಅಂಕಿಗಳನ್ನು ಮತ್ತೆ ಮತ್ತೆ ಹಾಕಿದೆ. ಗೆರೆ ಬೀಳಲೇ ಇಲ್ಲ.

ಕೆಲವು ವರ್ಷಗಳ ಮೇಲೆ ಹುಸೇನಬಿ ನಗುತ್ತ ಬಂದಳು. ಗಡ್ಡೆಯ ಸುಳಿವೂ ಇಲ್ಲವೆಂದು ಡಾಕ್ಟರು ಹೇಳಿದ್ದರು. ಓಡಿಹೋಗಿ ತಬ್ಬಿಕೊಂಡೆ.

"ಗೆದ್ರಿ, ಚಾಚಿ!"

"ಗೆಲಿಸಿದಾಕಿ ನೀನ ಅಲ್ಲೇನ ಬೇ? ಔಷಧ ಬಿಟ್ಟು ಕುಂತಿದ್ನಿ. ಮಟಮಟ ಮಧ್ಯಾಹ್ನ ನಮ್ಮ ದ್ರಾಕ್ಷಿ ತ್ವಾಟಕ್ಕ ಬಂದು, 'ಬದುಕ್ತಿ, ಏಳು' ಅಂತ ಕೈ ಹಿಡದು ಎಬ್ಬಿಸಿದಿ."

ನಾನು ಬಿಜ್ಜರಗಿಯನ್ನು ಇವತ್ತಿಗೂ ನೋಡಿಲ್ಲ.