ನಿಮಗೆ ಈ ಮಿಷಿನ್ ಹೊಂದಲ್ಲ

ಲಿಷೆಂಗ್ ನಮ್ಮ ಅಂಗಡಿಗೆ ಬಂದ ಮೊದಲ ದಿನ, ಗಾಜಿನ ಪೆಟ್ಟಿಗೆಯತ್ತ ಬೆರಳು ತೋರಿಸಿ "ಅದಕ್ಕೆ..." ಎಂದನಷ್ಟೆ. ಮುಂದಿನದನ್ನು ಹೇಳಲು ನಾನು ಬಿಡಲಿಲ್ಲ.

"ಹ್ಯಾಂಡ್‌ಹೆಲ್ಡಾ? ಮೊದಲು ನೀವು ಎಂಥ ಆಟಗಾರ ಅಂತ ಹೇಳಿ. ನಿಮಗೆ ಹೊಂದುತ್ತೋ ಇಲ್ವೋ ಆಮೇಲೆ ನಾನು ಹೇಳ್ತೀನಿ."

ತೈಪೆಯ ಕಂಪ್ಯೂಟರ್ ಮಾರ್ಕೆಟ್ಟಿನಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಹ್ಯಾಂಡ್‌ಹೆಲ್ಡ್ ಎಂದರೆ ಎರಡು ಕೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮಿಂಗ್ ಪಿಸಿ. ನೋಡಿದವರಿಗೆಲ್ಲ ಬೇಕು ಅನ್ನಿಸುತ್ತದೆ, ಕೊಂಡವರಲ್ಲಿ ಅರ್ಧ ಜನ ಅದನ್ನು ಡ್ರಾಯರಿಗೆ ಹಾಕಿ ಮರೆಯುತ್ತಾರೆ. ಅದು ನನಗೆ ಆಗದು. ಮಿಷಿನ್‌ಗೂ ಮನುಷ್ಯನಿಗೂ ಜಾತಕ ಕೂಡದೆ ನಾನು ಬಿಲ್ ಹಾಕುವವಳಲ್ಲ.

"ಪಿಯಾನೋ ಶ್ರುತಿ ಮಾಡೋ ಕೆಲಸ ನಂದು," ಎಂದ. "ಸ್ಕೂಲು, ಮನೆ ಅಂತ ಊರೂರು ತಿರುಗ್ತೀನಿ. ರೈಲಲ್ಲಿ ಆಡ್ತೀನಿ."

"ರೈಲಲ್ಲಿ ಆಡೋರಿಗೆ ಚೆನ್ನಾಗಿ ಹೊಂದುತ್ತೆ. ಆದ್ರೆ ನಿಮಗೆ ಹೊಂದಲ್ಲ."

"ಯಾಕೆ?"

ಡೆಮೋ ಮಿಷಿನ್ ಆನ್ ಮಾಡಿ ಅವನ ಕಿವಿಯ ಹತ್ತಿರ ಹಿಡಿದೆ. ಒಳಗಿನ ಫ್ಯಾನ್ ಗುಂಯ್‌ಗುಟ್ಟಿತು. ಅವನು ಕಣ್ಣು ಮುಚ್ಚಿ ತಲೆ ವಾಲಿಸಿದ. ರೆಪ್ಪೆ ಉದ್ದವಾಗಿತ್ತು, ಅದನ್ನು ನಾನು ಗಮನಿಸಬಾರದಿತ್ತು.

"ಅಪಸ್ವರ," ಎಂದು ಮುಖ ಕಿವುಚಿದ.

"ನೋಡಿದ್ರಾ? ತಾಯ್‌ಚುಂಗ್ ಬರೋ ಹೊತ್ತಿಗೆ ಕಿಟಕಿಯಿಂದ ಎಸೀತೀರಿ. ಹೋಗ್ಬನ್ನಿ."

ಅವನು ನಗುತ್ತ ಹೋದ. ಬಾಗಿಲ ಬಳಿ ತಿರುಗಿ ಒಮ್ಮೆ ನೋಡಿದ. ನಾನು ಬಟ್ಟೆ ತೆಗೆದುಕೊಂಡು, ಆಗಲೇ ಒರೆಸಿದ್ದ ಗಾಜನ್ನು ಮತ್ತೆ ಒರೆಸಿದೆ.

ಮುಂದಿನ ಭಾನುವಾರ ತಂಗಿಯನ್ನು ಕರೆತಂದ. ಆಕೆ ಬಂದೂಕಿನ ಆಟದವಳು, ಮೌಸ್ ಇಲ್ಲದೆ ಬದುಕಿದವಳೇ ಅಲ್ಲ. ಮಿಷಿನ್ ಕೈಗೆ ಕೊಟ್ಟ ಕೂಡಲೇ ಪರದೆಯ ಮೇಲೆ ಸತ್ತು ಬಿದ್ದಳು. "ನಿಂಗೆ ದೊಡ್ಡ ಪಿಸಿನೇ ಸರಿ ಕಣಮ್ಮ," ಎಂದು ಕಳಿಸಿದೆ.

ಅದರ ಮುಂದಿನ ವಾರ ಅವನ ಜೊತೆ ಅವನ ಭಾವ ಬಂದ. ಎದೆಗೆ ಕಟ್ಟಿದ ಚೀಲದಲ್ಲಿ ಹಸುಗೂಸು, ಕಣ್ಣ ಕೆಳಗೆ ಕಪ್ಪು. "ಆಟ ಶುರು ಮಾಡಿದ ತಕ್ಷಣ ಮಗು ಅಳುತ್ತೆ," ಎಂದ ಪಾಪ.

"ನಿಮಗೆ ಹೇಳಿ ಮಾಡಿಸಿದ ಮಿಷಿನ್. ಈ ಗುಂಡಿ ಒತ್ತಿದ್ರೆ ಆಟ ಮಲಗುತ್ತೆ. ಮಗು ಮಲಗಿದ ಮೇಲೆ ಮತ್ತೆ ಒತ್ತಿ, ಬಿಟ್ಟಲ್ಲಿಂದಲೇ ಏಳುತ್ತೆ."

ಭಾವ ಅಲ್ಲೇ ಕೊಂಡ. ಅವನ ಕಣ್ಣಲ್ಲಿ ನೀರಾಡಿದ್ದನ್ನು ನಾನೇ ನೋಡಿದೆ.

"ನನಗೆ ಮಾತ್ರ ಹೊಂದಲ್ವಾ ಮೇಡಂ?" ಲಿಷೆಂಗ್ ಕೇಳಿದ.

"ಮೇಡಂ ಅನ್ಬೇಡಿ. ಯಾಫಾನ್ ಅನ್ನಿ. ಊಹೂಂ, ಹೊಂದಲ್ಲ."

ಅಷ್ಟು ಹೊತ್ತಿಗೆ ನನಗೆ ನನ್ನ ಮೋಸ ಗೊತ್ತಾಗಿತ್ತು. ಫ್ಯಾನ್ ಸದ್ದಿಗೆ ಇಯರ್‌ಫೋನ್ ಹಾಕಿದರೆ ಮುಗಿಯಿತು. ಆದರೆ ಮಿಷಿನ್ ಮಾರಿಬಿಟ್ಟರೆ ಇವನು ಮತ್ತೆ ಏಕೆ ಬರುತ್ತಾನೆ?

ಓನರ್ ಚ್ವಾಂಗ್ ಮಾಮನೂ ದಡ್ಡರಲ್ಲ. "ಆ ಪಿಯಾನೋದವನು ವಾರವಾರ ಬರಿಗೈಲಿ ಹೋಗ್ತಾನೆ. ಈ ಭಾನುವಾರ ಅವನಿಗೆ ಮಾರು. ಇಲ್ಲಾಂದ್ರೆ ಸಾನ್‌ಚುಂಗ್ ಗೋದಾಮಿಗೆ ಹೋಗಿ ಡಬ್ಬ ಎಣಿಸು," ಎಂದರು.

ಮಾರಿದರೆ ಅವನು ಬರುವುದಿಲ್ಲ. ಮಾರದಿದ್ದರೆ ನಾನೇ ಇರುವುದಿಲ್ಲ. ಆ ವಾರ ನನಗೆ ಊಟ ರುಚಿಸಲಿಲ್ಲ, ನೂಡಲ್ಸಿಗೆ ವಿನಿಗರ್ ಬದಲು ಟೀ ಸುರಿದುಕೊಂಡೆ.

ಭಾನುವಾರ ಅವನು ಅಜ್ಜಿಯನ್ನು ಕರೆತಂದ. ಮಿಯಾವ್‌ಲಿ ಕಡೆಯ ಗಟ್ಟಿ ಮುದುಕಿ, ಕೊಡೆ ಊರಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. "ನಾನು ಮಾಜಾಂಗ್ ಆಡ್ಬೇಕಂತೆ. ಇವನು ಹೇಳ್ದ."

ಡೆಮೋ ಮಿಷಿನ್ ಅವಳ ತೊಡೆಯ ಮೇಲಿಟ್ಟೆ. "ಅಕ್ಷರ ಇರುವೆ ಥರ ಇದೆ. ಕಲ್ಲಿನ ಹಾಗೆ ಭಾರ," ಎಂದಳು. ಅಜ್ಜಿಗೆ ದೊಡ್ಡ ಟ್ಯಾಬ್ಲೆಟ್ಟೇ ಸರಿ ಎನ್ನಲು ಹೊರಟವಳು ಅವನತ್ತ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ನಾನು ನೋಡಿದ್ದು ಕಂಡು ಛಾವಣಿ ನೋಡಿದ. ಇವತ್ತು ಇವನಿಗೆ ಮಾರಲೇಬೇಕಲ್ಲ ಎಂದು ನೆನೆದು ಬಿಲ್ ಪುಸ್ತಕ ಎಳೆದುಕೊಂಡೆ.

ಅಷ್ಟರಲ್ಲಿ ಕರುಂ ಕುರುಂ ಸದ್ದು ಕೇಳಿಸಿತು.

ನಾವಿಬ್ಬರೂ ತಿರುಗಿ ನೋಡಿದೆವು. ಡೆಮೋ ಮಿಷಿನ್ ಇಡುವ ಜಾಗದಲ್ಲಿದ್ದ ಹಸಿರು ಪೊಟ್ಟಣವನ್ನು ಅಜ್ಜಿ ಒಡೆದು ತಿನ್ನುತ್ತಿದ್ದಳು.

ನಮ್ಮಲ್ಲಿ ಮಿಷಿನ್ ಇರುವ ಕಡೆಯೆಲ್ಲ ಆ ತೆಂಗಿನಕಾಯಿ ರುಚಿಯ ಜೋಳದ ಕುರುಕಲಿನ ಪೊಟ್ಟಣ ಇರುತ್ತದೆ. ಅದರ ಹೆಸರಿನ ಅರ್ಥವೇ ಜಾಣಮರಿ; ಅದಿದ್ದರೆ ಮಿಷಿನ್ ಜಾಣಮರಿಯಾಗಿ ಕೆಲಸ ಮಾಡುತ್ತದೆ, ಹಟ ಮಾಡುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಹಸಿರು ಮಿಷಿನ್‌ಗೆ, ಹಳದಿ ದುಡ್ಡಿಗೆ, ಕೆಂಪು ಪ್ರೀತಿಗೆ. ಅವಧಿ ಮುಗಿಯುವ ಮುಂಚೆ ಬದಲಾಯಿಸಬೇಕು. ಕೆಲಸದಲ್ಲಿರುವ ಪೊಟ್ಟಣವನ್ನು ಮಾತ್ರ ಯಾರೂ, ಎಷ್ಟೇ ಹಸಿದರೂ, ಒಡೆಯುವುದಿಲ್ಲ.

"ಅಜ್ಜೀ!" ಲಿಷೆಂಗ್ ಚೀರಿದ.

"ಏನೋ? ದೇವರಿಗೆ ನೈವೇದ್ಯ ಇಡ್ತೀವಿ. ಊದುಬತ್ತಿ ಉರಿದು ಮುಗಿದ ಮೇಲೆ ನಾವು ತಿನ್ನಲ್ವಾ? ಮಿಷಿನ್ ದೇವ್ರು ಇಷ್ಟು ಹೊತ್ತಿಗೆ ತಿಂದಿರುತ್ತೆ ಬಿಡು. ತಗೋ, ನೀನೂ ಒಂದು ತಿನ್ನು."

ಟಪ್ ಎಂದಿತು. ಅಂಗಡಿಯ ದೀಪ, ಪರದೆ ಎಲ್ಲ ಒಟ್ಟಿಗೆ ಆರಿದವು.

ಒಳಗೆ ಚ್ವಾಂಗ್ ಮಾಮ ಎಲ್ಲ ವೈರು ಸೇರಿರುವ ಪ್ಲಗ್ಗಿಗೇ ನೀರು ಕಾಯಿಸಲು ಕೆಟಲ್ ಹಾಕಿದ್ದರು ಎಂಬುದು ಸಂಜೆ ಗೊತ್ತಾಯಿತು. ಆ ಗಳಿಗೆಯಲ್ಲಿ ಆ ಸತ್ಯ ಯಾರಿಗೆ ಬೇಕಿತ್ತು? ಮಾಮ ಹೊರಬಂದು, ಅಜ್ಜಿಯ ಕೈಯಲ್ಲಿದ್ದ ಪೊಟ್ಟಣ ನೋಡಿ ಬಾಯಿ ಬಡಿದುಕೊಂಡರು.

"ಕೂಗ್ಬೇಡಪ್ಪ," ಎಂದಳು ಅಜ್ಜಿ ಅಗಿಯುತ್ತ. "ನಿನ್ನ ಮಿಷಿನ್ ಕೆಟ್ಟಿದ್ರೆ ನಮ್ಮನೇದು ತಂದು ಕೊಡ್ತೀವಿ. ಇವನ ಹಾಸಿಗೆ ಮೇಲೆ ಇಂಥದ್ದೇ ಒಂದು ಬಿದ್ದಿದೆ. ಹೊಸ ವರ್ಷದಿಂದ ಅದ್ರಲ್ಲೇ ಮುಳುಗಿರ್ತಾನೆ."

"ಮನೇಲಿ ಇದ್ಯಾ?" ಮಾಮ ಅವನತ್ತ ತಿರುಗಿದರು. "ಮತ್ತೆ ಇಷ್ಟು ವಾರದಿಂದ ಇಲ್ಲಿ ಏನು ನೋಡ್ತಿದ್ದೆ?"

ಲಿಷೆಂಗ್‌ನ ಕಿವಿಗಳು ಕೆಂಪಾದವು. ಸೊಂಟ ಬಗ್ಗಿಸಿ ಕ್ಷಮೆ ಕೇಳಿದ, ಅಜ್ಜಿಯ ಕೈ ಹಿಡಿದ, ಹೊರಟೇ ಹೋದ. ಈ ಸಲ ಬಾಗಿಲ ಬಳಿ ತಿರುಗಿ ನೋಡಲಿಲ್ಲ.

ಮಾಮ ಮರುದಿನವೇ ನನ್ನನ್ನು ಕಳಿಸಿದ ಸಾನ್‌ಚುಂಗ್ ಗೋದಾಮಿಗೆ ಗಿರಾಕಿಗಳು ಬರುವುದಿಲ್ಲ. ಬಂದರೆ ಬೆಕ್ಕು ಬರುತ್ತದೆ. ಡಬ್ಬಗಳ ನಡುವೆ ಕೂತು ನಾನು ಒಂದೇ ವಿಷಯವನ್ನು ಮೆಲುಕು ಹಾಕಿದೆ. ಮಿಷಿನ್ ಇಟ್ಟುಕೊಂಡೇ ಬರುತ್ತಿದ್ದವನು ಬಂದದ್ದು ಯಾಕೆ? ನನ್ನ ಬಾಯಿ ನೋಡಿ ನಗಲು ಬಂದಿದ್ದ ಎಂದುಕೊಂಡರೆ ಮೈ ಉರಿಯುತ್ತಿತ್ತು. ಇನ್ನೊಂದು ಕಾರಣವೂ ಇರಬಹುದಲ್ಲ ಎಂದುಕೊಂಡರೆ ಒಬ್ಬಳೇ ನಾಚಿ ಬೆಕ್ಕಿಗೆ ಬೆನ್ನು ತಿರುಗಿಸುತ್ತಿದ್ದೆ. ಅವನು ಬರಲಿ, ಯಾವ ನೆಪವನ್ನಾದರೂ ಹಿಡಿದು ಬರಲಿ ಎಂದು ಬೇಡಿಕೊಂಡೆ. ಆದರೆ ಇಲ್ಲಿಗೆ ಬರಲು ಯಾವ ನೆಪವಿದೆ?

ನಾಲ್ಕನೆಯ ದಿನ ಮಧ್ಯಾಹ್ನ ಹೊರಗೆ ಸ್ಕೂಟರ್ ನಿಂತಿತು. ಹೆಲ್ಮೆಟ್ಟನ್ನು ಎದೆಗೆ ಒತ್ತಿ ಹಿಡಿದು ಲಿಷೆಂಗ್ ಒಳಬಂದ.

"ನಿಮ್ಮ ಓನರ್ ಅಡ್ರೆಸ್ ಕೊಟ್ರು. ಅಂಗಡೀಲಿರೋ ಎಲ್ಲಾ ಮಿಷಿನ್‌ಗೂ ಹೊಸ ಹಸಿರು ಪೊಟ್ಟಣ ಇಟ್ಟು ಬಂದೆ. ಕೆಟಲ್‌ಗೂ ಒಂದು."

"ಇಲ್ಲಿ ತೋರ್ಸೋಕೆ ಏನೂ ಇಲ್ಲ," ಎಂದೆ ಬಿಗಿಯಾಗಿ. "ಎಲ್ಲಾ ಸೀಲ್ ಆಗಿರೋ ಡಬ್ಬಗಳು. ನೆಂಟರು ಯಾರೂ ಸಿಗ್ಲಿಲ್ವಾ?"

"ಕೀಲುಂಗ್‌ನಲ್ಲಿ ಒಬ್ಬ ಚಿಕ್ಕಪ್ಪ ಉಳಿದಿದ್ದಾರೆ. ಕರ್ಕೊಂಡು ಬರೋಣ ಅಂದ್ಕೊಂಡೆ. ಆಮೇಲೆ ನಾಟಕ ಸಾಕು ಅನ್ನಿಸ್ತು."

"ಮಿಷಿನ್ ಇದೆ ಅಂತ ಮೊದಲ ದಿನವೇ ಹೇಳೋಕೇನಾಗಿತ್ತು?"

"ಹೇಳೋಕೆ ಬಿಟ್ರಾ ನೀವು? ಅದಕ್ಕೆ ಒಂದು ಪೌಚ್ ಕೊಳ್ಳೋಕೆ ಬಂದಿದ್ದೆ. 'ಅದಕ್ಕೆ' ಅನ್ನೋಷ್ಟರಲ್ಲಿ ನನ್ನ ಜಾತಕ ಶುರು ಮಾಡಿದ್ರಿ." ಅವನು ನಕ್ಕ. "ಕೇಳ್ತಾ ಕೇಳ್ತಾ ಪೌಚ್ ಮರೆತೇ ಹೋಯ್ತು. ಆ ಮಾತು ಮತ್ತೆ ಕೇಳ್ಬೇಕು ಅನ್ನಿಸ್ತು, ಅದಕ್ಕೇ ಮನೆಯವರನ್ನೆಲ್ಲ ಎಳ್ಕೊಂಡು ಬಂದೆ. ಇನ್ನೊಂದು ವಿಷಯ, ನೀವು ಹೇಳಿದ್ದು ನಿಜ. ಆ ಫ್ಯಾನ್ ಸದ್ದು ತಲೆ ತಿನ್ನುತ್ತೆ. ನನಗೆ ಆ ಮಿಷಿನ್ ಹೊಂದಲ್ಲ."

"ಮತ್ತೇನು ಹೊಂದುತ್ತೆ?" ಎಂದೆ. ನನ್ನ ಸ್ವರವೂ ಆಗ ಶ್ರುತಿಯಲ್ಲಿರಲಿಲ್ಲ.

ಅವನು ಹೆಲ್ಮೆಟ್ ಒಳಗಿಂದ ಒಂದು ಪೊಟ್ಟಣ ತೆಗೆದ. ನನ್ನ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಮೇಲಿನ ಜಾಣಮರಿ ಹೆಸರು ನನ್ನ ಕಡೆಗೆ ಬರುವಂತೆ ತಿರುಗಿಸಿದ. ಅದು ಕೆಂಪು ಪೊಟ್ಟಣ.

"ಕೆಂಪನ್ನ ಮಿಷಿನ್‌ಗೆ ಇಡಲ್ಲ," ಎಂದೆ.

"ಮಿಷಿನ್‌ಗೆ ತಂದಿಲ್ಲ ಯಾಫಾನ್. ಹೇಳಿ, ಹೊಂದುತ್ತೋ ಇಲ್ವೋ?"

ಗಿರಾಕಿಗಳನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುವ ನನಗೆ ಆಗ ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಪೊಟ್ಟಣ ಎತ್ತಿ, ಹಿಂದೆ ಅಚ್ಚಾಗಿದ್ದ ತಾರೀಖು ನೋಡಿದೆ.

"ಚಳಿಗಾಲಕ್ಕೆ ಇದರ ಅವಧಿ ಮುಗಿಯುತ್ತಲ್ಲ."

"ಮುಗಿಯೋಕೆ ಮುಂಚೆ ಹೊಸದು ತರ್ತೀನಿ. ಪ್ರತಿ ಸಲಾನೂ."

"ಹೊಂದುತ್ತೆ," ಎಂದೆ. ಮುಖ ಬಿಸಿಯಾಗಿತ್ತು, ಮರೆಸಲು ಬೇರೆ ಮಾತು ಬೇಕಿತ್ತು. "ನಿಮ್ಮಜ್ಜಿಗೆ ಮಾತ್ರ ಇದನ್ನ ತೋರಿಸ್ಬೇಡಿ."

"ಅಂಗಡಿಗೆ ಹೋಗಿ ಆರಿಸಿ ತಂದಿದ್ದೇ ಅಜ್ಜಿ," ಎಂದ ಲಿಷೆಂಗ್. "ಇದನ್ನ ಮಾತ್ರ ಮುಟ್ಟಲ್ವಂತೆ."