ಮುಂದೆ ನಡೆಯುವವನು

ಅವಳಿಗೆ ಜೊತೆಗೆ ನಡೆಯಲು ಯಾರೂ ಇರಲಿಲ್ಲ.

ಹಾಗಾಗಿ ಆ ಭಾನುವಾರ ಬೆಳಿಗ್ಗೆ, ಊರ ಹಿಂದಿನ ಗುಡ್ಡದ ಕಾಲುದಾರಿಯಲ್ಲಿ ಬಂಡೆಯ ಮೇಲೆ ಕಣ್ಣು ಮುಚ್ಚಿ ಬಿದ್ದುಕೊಂಡಾಗ ಎಬ್ಬಿಸುವವರೂ ಇರಲಿಲ್ಲ.

"ರೀ... ಬದುಕಿದ್ದೀರಾ?"

ಮೇಲಿನ ದಾರಿಯಿಂದ ಗಂಡು ಧ್ವನಿ! ಅವಳು ಕಣ್ಣು ಬಿಟ್ಟಳು.

"ಅರ್ಧ," ಎಂದಳು ಏದುಸಿರು ಬಿಡುತ್ತ.

"ಉಳಿದರ್ಧ ಮೇಲಿದೆ. ಏಳಿ."

"ನಿಮಗೇನು, ಕಡ್ಡಿ ಥರ ಇದ್ದೀರಿ!"

"ನಾನು ಲಿಫ್ಟ್ ರಿಪೇರಿ ಮಾಡೋನು. ಕೆಟ್ಟಿರೋ ಲಿಫ್ಟ್ ನೋಡೋಕೆ ಮೆಟ್ಟಿಲು ಹತ್ತಿಯೇ ಹೋಗ್ಬೇಕಲ್ಲ!"

ಅವಳಿಗೆ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ!

ಕಟ್ಟುಹಲ್ಲು ತಯಾರಿಸುವ ಲ್ಯಾಬು ಅವಳದು. ದಿನವಿಡೀ ಬಗ್ಗಿ ಕೂತು ಮೇಣದ ಒಸಡಿಗೆ ಯಾರ‍್ಯಾರದೋ ಹಲ್ಲು ಜೋಡಿಸುವ ಕೆಲಸ. ಕೂತೂ ಕೂತೂ ಮೈ ಬಂದಿತ್ತು, ನಾಲ್ಕು ಮೆಟ್ಟಿಲಿಗೇ ಉಸಿರು ಕಟ್ಟುತ್ತಿತ್ತು. ಡಾಕ್ಟರು ಬೈದ ಮೇಲೆ ಜಿಮ್ಮಿಗೆ ಸೇರಿದಳು. ಅಲ್ಲಿ ಮೂರು ಗೋಡೆಗೂ ಕನ್ನಡಿ. ಯಾವ ಕಡೆ ತಿರುಗಿದರೂ ತಾನೇ, ಒಬ್ಬಳೇ. ಗುಡ್ಡದಲ್ಲಿ ಕನ್ನಡಿ ಇಲ್ಲವಲ್ಲ ಎಂದು ಇಲ್ಲಿಗೆ ಬಂದಿದ್ದಳು.

ಮುಂದಿನ ಭಾನುವಾರವೂ ಅವನು ಸಿಕ್ಕ. ಅದರ ಮುಂದಿನದೂ. ಕರೆದದ್ದಿಲ್ಲ, ಒಪ್ಪಿದ್ದಿಲ್ಲ, ಆದರೂ ಗುಡ್ಡದ ಬುಡದಲ್ಲಿ ಅವನು ಕಾಯುತ್ತಿರುತ್ತಿದ್ದ.

"ಬನ್ನಿ ಹಲ್ಲಿನವರೇ. ಇವತ್ತು ಬಂಡೆ ಹತ್ತಿರ ನಿದ್ದೆ ಇಲ್ಲ."

"ಮೊದಲು ನೀವು ಓಡೋದು ನಿಲ್ಸಿ!"

ತಿಂಗಳುಗಳು ಕಳೆದಂತೆ ತೊಡೆ ಗಟ್ಟಿಯಾಯಿತು. ಲ್ಯಾಬಿನ ಲಿಫ್ಟು ಆಗಾಗ ಕೆಡುತ್ತಿತ್ತು; ಒಂದು ದಿನ ಮೆಟ್ಟಿಲಲ್ಲಿ ನಾಲ್ಕನೇ ಮಹಡಿಗೆ ಹೋಗಿ ನಿಂತ ಮೇಲೆ ಅವಳಿಗೆ ಹೊಳೆಯಿತು, ನಡುವೆ ಎಲ್ಲೂ ನಿಂತಿರಲಿಲ್ಲ!

ಅದನ್ನು ಹೇಳಲು ಅಕ್ಕನಿಗೆ ಫೋನು ಮಾಡಿದಳು. ಮಾತಿನ ನಡುವೆ ಗುಡ್ಡದವನೂ ಬಂದ.

"ಯಾರೇ ಅವನು?" ಅಕ್ಕನ ಕಿವಿ ಅಲ್ಲಿಗೇ ಹೋಯಿತು.

"ಯಾರೂ ಅಲ್ಲಕ್ಕಾ."

"ಯಾರೂ ಅಲ್ಲದವನಿಗೋಸ್ಕರ ಹೊಸ ಶೂ ತಗೊಂಡ್ಯಾ?"

ಒಂದೇ ಒಂದು ಮುಳ್ಳು ಅವಳ ಮನಸ್ಸಿನಲ್ಲಿತ್ತು. ಮೇಲೆ ಕೂತಾಗ ಬಾಯಿ ತುಂಬ ಮಾತಾಡುವವನು, ಹತ್ತುವಾಗ ಮಾತ್ರ ಯಾವಾಗಲೂ ಮುಂದೆ. ಅವಳು ಹೆಜ್ಜೆ ಚುರುಕು ಮಾಡಿದರೆ ಅವನೂ ಚುರುಕು. ಅವಳಿಗೆ ಕಾಣುತ್ತಿದ್ದದ್ದು ಅವನ ಬೆನ್ನೇ. 'ಯಾಕೆ ಹೀಗೆ...?' ಕೇಳಲು ಬಾಯಿ ಬರಲಿಲ್ಲ.

ಒಂದು ಭಾನುವಾರ ಇಳಿಯುವಾಗ ಕೆಳಗಿನ ತಿರುವಿನಲ್ಲಿ ಅವನ ಜೊತೆ ಕೆಲಸ ಮಾಡುವವರು ಎದುರಾದರು. ಅವಳು ಹಿಂದಿದ್ದಳು. ಮಾತು ಮಾತ್ರ ಕೇಳಿಸಿತು.

"ಏನಯ್ಯಾ, ಹಿಂದೆ ಬರ್ತಿರೋರು ನಿಮ್ಮವರಾ?"

"ಇಲ್ಲಪ್ಪಾ... ದಾರೀಲಿ ಸಿಕ್ಕವರು."

ಅವಳ ಕಾಲು ಅಲ್ಲೇ ನಿಂತಿತು. 'ಅದಕ್ಕೇ ಮುಂದೆ ಮುಂದೆ ಓಡೋದು! ದಪ್ಪಗಿರೋಳ ಜೊತೆ ಕಾಣಿಸ್ಕೊಳ್ಳೋಕೆ ನಾಚಿಕೆ!'

ಆಮೇಲೆ ಅವಳು ಗುಡ್ಡಕ್ಕೆ ಹೋಗಲಿಲ್ಲ. ಮತ್ತೆ ಜಿಮ್ಮು, ಮತ್ತೆ ಕನ್ನಡಿ. ಕಾಲ ಕೆಳಗೆ ಟ್ರೆಡ್‌ಮಿಲ್ಲಿನ ಬೆಲ್ಟು ಓಡುತ್ತಿತ್ತು, ಅವಳು ಇದ್ದಲ್ಲೇ ಇದ್ದಳು. ವಾರದ ದಿನಗಳನ್ನು ಹಲ್ಲುಗಳು ನುಂಗುತ್ತಿದ್ದವು. ಭಾನುವಾರವೇ ಕಷ್ಟ. ಪಕ್ಕದ ಮನೆಯವರು ಜಗಳವಾಡಿದರೂ ಅವಳಿಗೆ ಹೊಟ್ಟೆಕಿಚ್ಚು. ಜಗಳಕ್ಕಾದರೂ ಇಬ್ಬರು ಬೇಕಲ್ಲ!

ಕೊನೆಗೊಂದು ಭಾನುವಾರ ಅವಳಿಗೆ ರೋಸಿಹೋಯಿತು. 'ಗುಡ್ಡ ಏನು ಅವನಪ್ಪಂದಾ?' ಅವನ ಮುಖ ನೋಡಬಾರದೆಂದು, ಅವನು ಬರುವ ಹೊತ್ತಿಗಿಂತ ಸ್ವಲ್ಪ ಮೊದಲೇ ಹತ್ತತೊಡಗಿದಳು.

ಪೊದೆಗಳ ನಡುವೆ ಹೊಕ್ಕಳೋ ಇಲ್ಲವೋ, ಮುಖಕ್ಕೆ ಏನೋ ಅಂಟಿತು. ಜೇಡರ ಬಲೆ! ಉಜ್ಜಿ ತೆಗೆದು ನಡೆದರೆ ಇನ್ನೊಂದು. ತುಟಿಗೆ, ರೆಪ್ಪೆಗೆ, ಕೂದಲಿಗೆ... ಈ ಪೊದೆಯಿಂದ ಆ ಪೊದೆಗೆ ರಾತ್ರಿಯಿಡೀ ನೇಯ್ದಿದ್ದವು.

'ಥೂ! ಇಷ್ಟು ದಿನ ಒಂದೂ ಇರಲಿಲ್ಲವಲ್ಲ...'

ಅವಳು ನಿಂತುಬಿಟ್ಟಳು.

ಇದ್ದವು. ಬೆಳಗಿನ ದಾರಿಯಲ್ಲಿ ಮೊದಲು ಹೋದವರ ಮುಖಕ್ಕೇ ಎಲ್ಲ ಬಲೆ. ಮೊದಲು ಹೋಗುತ್ತಿದ್ದವನು ಅವನು. ಒಂದೂ ಬಿಡದೆ ಎಲ್ಲವನ್ನೂ ತನ್ನ ಮುಖಕ್ಕೆ ಹಾಕಿಕೊಂಡು, ತುಟಿ ಪಿಟಕ್ಕೆನ್ನದೆ!

ಅವಳ ಕಣ್ಣು ಮಂಜಾಯಿತು. ಅವನ ನಂಬರು ಎಂದೂ ಕೇಳಿರಲಿಲ್ಲ. ಆದರೆ ಲ್ಯಾಬಿನ ಲಿಫ್ಟು ಅವನ ಕಂಪನಿಯದೇ; ಕೆಟ್ಟಾಗ ಕರೆಯುವ ನಂಬರು ಫೋನಿನಲ್ಲಿತ್ತು. ಭಾನುವಾರ ಆ ಡ್ಯೂಟಿ ಫೋನು ತನ್ನ ಹತ್ತಿರವೇ ಇರುತ್ತದೆಂದು ಅವನೇ ಒಮ್ಮೆ ಗೊಣಗಿದ್ದ.

ಆ ನಂಬರು ಒತ್ತಿದಳು.

"ಹಲೋ, ಲಿಫ್ಟ್ ಸರ್ವಿಸ್. ಯಾವ ಕಟ್ಟಡ?"

ಅವನದೇ ಧ್ವನಿ!

"ಗುಡ್ಡ."

"...ಎಲ್ಲಿ ಸಿಕ್ಕಾಕ್ಕೊಂಡಿದೆ?"

"ಅರ್ಧ ದಾರೀಲಿ."

"ಒಳಗೆ ಎಷ್ಟು ಜನ?"

"ಒಬ್ಬಳೇ," ಎಂದಳು.

"ಅಲ್ಲೇ ಇರಿ. ಬುಡದಲ್ಲಿದ್ದೀನಿ. ಬಂದೆ!"

ಅವನು ಓಡಿಯೇ ಬಂದ. ಮೊದಲ ಬಾರಿಗೆ ತೇಕುತ್ತಿದ್ದವನು ಅವನು. ಅವಳ ಕೂದಲಿಗಂಟಿದ ಬಲೆಯ ಎಳೆಗಳನ್ನು ನೋಡಿ ಅವನಿಗೆ ಎಲ್ಲ ಅರ್ಥವಾಯಿತು.

"ಯಾಕೆ ಹೇಳ್ಲಿಲ್ಲ?" ಅವಳು ಕೇಳಿದಳು.

"ಏನಂತ? ನಿಮಗೋಸ್ಕರ ಜೇಡ ತಿಂತಿದ್ದೀನಿ ಅಂತಾನಾ?"

ಅವಳು ನಗಲಿಲ್ಲ.

"ದಾರೀಲಿ ಸಿಕ್ಕವರು ಅಂದ್ರಲ್ಲ... ಅದು?"

ಅವನ ಮುಖ ಸಪ್ಪಗಾಯಿತು. "ಕೇಳಿಸ್ತಾ? ಅದಕ್ಕಾ ನೀವು...? ನಿಮಗೇ ಹೇಳದ ಮಾತನ್ನ ಅವರ ಹತ್ರ ಹೇಗೆ ಹೇಳ್ಲಿ?"

"ಈಗ ಹೇಳಿ."

ಅವನು ನೆಲ ನೋಡಿದ. ಆಮೇಲೆ ಅವಳನ್ನು ನೋಡಿದ.

"ವಾರಕ್ಕೊಂದು ಸಲ ನಿಮ್ಮನ್ನ ನೋಡಿದ್ರೆ ಸಾಲಲ್ಲ ನನಗೆ."

ಅವಳು ಕೈ ಚಾಚಿ, ಅವನ ಬೆವರಿದ ಅಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನನಗೂ," ಎಂದಳು. "ಆವತ್ತೇ ಒಂದು ಮಾತು ಕೇಳಿಬಿಡಬೇಕಿತ್ತು ನಾನು."

"ಪ್ರತಿ ವಾರ ಬಂದು ಕಾಯ್ದೆ ಕಣ್ರೀ..."

ಕಳೆದುಹೋದದ್ದು ಹನ್ನೊಂದು ಭಾನುವಾರ.