ಒಂದೇ ವಿಡಿಯೋದ ನಲವತ್ತು ಕಾಪಿ

"ಮತ್ತೆ ಡಿಸ್ಕ್ ಫುಲ್," ಎನ್ನುತ್ತ ಫೋಟೋಗ್ರಾಫರ್ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟ. ಈ ವರ್ಷ ಇದು ಹನ್ನೊಂದನೇ ಸಲ.

ಕಂಪ್ಯೂಟರ್ ರಿಪೇರಿ ಅಂಗಡಿ ಅಕ್ಕತಂಗಿಯರದು. ಕೌಂಟರಿನಲ್ಲಿ ಅಕ್ಕ, ಒಳಗಿನ ಮೇಜಿನಲ್ಲಿ ತಂಗಿ. ಅವನು ಬಂದನೆಂದರೆ ತಂಗಿಗೆ ಬೇಗ ಕಳಿಸಲು ಮನಸ್ಸಾಗುತ್ತಿರಲಿಲ್ಲ. ಅರ್ಧ ಗಂಟೆಯ ಕೆಲಸವನ್ನು ಮೂರು ಗಂಟೆ ಎಳೆಯುವಳು. ಪಾಪ, ಅಷ್ಟು ಹೊತ್ತೂ ಕೌಂಟರಿನ ಪಕ್ಕದ ಕುರ್ಚಿಯಲ್ಲಿ ಬೇಸರವಿಲ್ಲದೆ ಕಾಯುತ್ತಿದ್ದ. "ಅವರೇ ಬಾಯಿಬಿಡ್ತಾರೆ, ತಾಳು," ಎಂದು ಅಕ್ಕನೂ ತಂಗಿಗೆ ಧೈರ್ಯ ತುಂಬುತ್ತಿದ್ದಳು.

"ಜಾಗ ಯಾವುದು ತಿಂತಿದೆ ಅಂತ ತೋರಿಸೋ ಎರಡು ಟೂಲ್ ಇವೆ. ಅಂಗಡಿಗೆ ಒಂದನ್ನ ಆರಿಸ್ಬೇಕು. ನಿಮ್ಮದರಲ್ಲೇ ನೋಡ್ಲಾ?" ತಂಗಿ ಕೇಳಿದಳು.

"ನನ್ನ ಮೇಲೇ ಪ್ರಯೋಗಾನಾ?" ಅವನ ಹುಬ್ಬು ತುಂಟತನದಿಂದ ಮೇಲೇರಿತು. "ಮಾಡಿ, ನಿಧಾನವಾಗೇ ಮಾಡಿ. ನನಗೇನೂ ಅವಸರ ಇಲ್ಲ."

ಅವಳ ಕಿವಿ ಬಿಸಿಯಾಯಿತು. ಇವತ್ತು ಹೇಳಿಯೇಬಿಡಬೇಕು ಎಂದುಕೊಂಡಳು.

ಮೊದಲ ಟೂಲ್ ಡಿಸ್ಕಿನ ಜಾಗವನ್ನು ತೆರೆಯ ಮೇಲೆ ಚಕ್ರದಂತೆ ಬಿಡಿಸಿ ತೋರಿಸಿತು. ಅದರಲ್ಲಿ ವಿಡಿಯೋ ಫೋಲ್ಡರ್ ಒಂದು ದಪ್ಪ ತುಂಡು, ಅಷ್ಟೇ. ಎರಡನೆಯದು ಒಂದೊಂದು ಫೈಲಿಗೂ ಒಂದೊಂದು ಚೌಕ ಕೊಟ್ಟಿತು. ಆ ಫೋಲ್ಡರಿನಲ್ಲಿ ನಲವತ್ತು ಚೌಕ, ಎಲ್ಲ ಒಂದೇ ಅಳತೆ. ತೆರೆದು ನೋಡಿದರೆ ಎಲ್ಲವೂ ಒಂದೇ ವಿಡಿಯೋ.

ಡಿಸ್ಕ್ ತಾನಾಗಿ ತುಂಬಿರಲಿಲ್ಲ, ಇವನೇ ತುಂಬಿಸಿದ್ದ. ತನ್ನನ್ನು ನೋಡಲೆಂದೇ ಎಂದು ಅವಳು ಹಿಗ್ಗಿದಳು.

"ಬೇಕಂತಲೇ ತುಂಬಿಸಿದ್ದೀರಿ," ಎಂದಳು ಮೆಲ್ಲಗೆ.

"ಸಿಕ್ಕಿಬಿದ್ದೆ," ಅವನು ನಕ್ಕ. "ಇಲ್ಲಿಗೆ ಬರೋಕೆ ನೆಪ ಬೇಕಿತ್ತಲ್ಲ."

"ನೆಪ ಯಾಕೆ? ನನಗೂ ನೀವಂದ್ರೆ ತುಂಬಾ ಇಷ್ಟ."

ನಗು ಅಲ್ಲೇ ನಿಂತಿತು. ಅವನು ಕೌಂಟರಿನ ಕಡೆ ನೋಡಿದ. "ನಿಮ್ಮಕ್ಕ ಹೇಳಿಲ್ವಾ? ನಿನ್ನೆ ಅವರು ನನ್ನನ್ನ ಮದುವೆ ಆಗೋಕೆ ಒಪ್ಪಿದ್ರು. ಇನ್ನು ಆ ಕಾಪಿಗಳು ಬೇಡ, ತೆಗೆದುಬಿಡಿ." ಮುಖ ತಪ್ಪಿಸಿ, ಫೋನ್ ಕಿವಿಗಿಟ್ಟು ಬೀದಿಗಿಳಿದ.

ತಂಗಿ ಮೂವತ್ತೊಂಬತ್ತನ್ನು ಅಳಿಸಿದಳು. ಕೆಲಸ ಎರಡೇ ನಿಮಿಷದಲ್ಲಿ ಮುಗಿಯಿತು. ಎದ್ದು ಕೌಂಟರಿಗೆ ಬಂದಳು.

"ನಿನಗೆ ಯಾವಾಗಿಂದ ಗೊತ್ತಕ್ಕಾ?"

"ಅವರು ನಾಲ್ಕನೇ ಸಲ ಬಂದಾಗಿಂದ."

"ಮತ್ತೆ ತಾಳು ತಾಳು ಅಂತ ನನ್ನಲ್ಲಿ ಆಸೆ ಯಾಕೆ ಹುಟ್ಟಿಸ್ದೆ?"

ಅಕ್ಕ ಬಾಗಿಲ ಗಾಜಿನಲ್ಲಿ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು. "ಆಸೆ ಇದ್ದಿದ್ದಕ್ಕೆ ತಾನೇ ನೀನು ಕೆಲಸ ಎಳೀತಿದ್ದಿದ್ದು? ನೀನು ಎಳೆದಷ್ಟು ಹೊತ್ತೂ ಅವರು ನನ್ನ ಜೊತೆ ಕೂತಿರ್ತಿದ್ರು ಕಣೇ."